ದೋ ಪ್ವಾಯಿನ್ ಮಾಡಿದ ಪುಂಡಿ ಪಲ್ಯ

ಬೀದಿಯ ತುದಿಯಲ್ಲಿ ಕಂಚಿನ ಜಾಗಟೆ ಕೇಳಿಸಿದ ಕೂಡಲೇ ದೋ ಪ್ವಾಯಿನ್ ಚಪ್ಪಲಿ ಕಳಚಿಟ್ಟು, ಅನ್ನದ ಬೋಗುಣಿ ಎತ್ತಿಕೊಂಡು ಬೀದಿಗಿಳಿದಳು. ದೋ ಅಂದರೆ ಆ ನಾಡಿನಲ್ಲಿ ಹಿರಿಯ ಹೆಂಗಸರ ಹೆಸರಿಗೆ ಸೇರಿಸುವ ಗೌರವದ ಮಾತು. ಅನ್ನದಿಂದ ಇನ್ನೂ ಹಬೆ ಏಳುತ್ತಿತ್ತು. ಹಿಂದಿನ ದಿನದ ಮಳೆಗೆ ಬೀದಿಯೆಲ್ಲ ಕೆಸರು. ಆ ಕೆಸರಿನಲ್ಲೇ ಭಿಕ್ಷುಗಳ ಬರಿಗಾಲಿನ ಸಾಲು ಬರುತ್ತಿತ್ತು. ಅವಳು ಎಂದಿನಂತೆ ತಲೆ ತಗ್ಗಿಸಿದಳು. ಭಿಕ್ಷೆ ಹಾಕುವಾಗ ಮುಖ ದಿಟ್ಟಿಸಿ ನೋಡುವ ರೂಢಿಯಿಲ್ಲ. ಅವಳಿಗೆ ಅದರ ಅಗತ್ಯವೂ ಇರಲಿಲ್ಲ. ಎಡಗಾಲಿನ ಹೆಬ್ಬೆರಳ ಉಗುರು ಕಪ್ಪಗಿರುವ ಆ ಪಾದ ಸಾವಿರ ಪಾದಗಳ ನಡುವೆ ಬಂದರೂ ಅವಳಿಗೆ ಗೊತ್ತಾಗುತ್ತಿತ್ತು. ಚಿಕ್ಕಂದಿನಲ್ಲಿ ಎತ್ತಿನಗಾಡಿಯ ಚಕ್ರ ಹರಿದು ಕಪ್ಪಾದ ಉಗುರು ಅದು. ಅವಳೇ ಅರಿಶಿನ ಮೆತ್ತಿ ಬಟ್ಟೆ ಸುತ್ತಿದ್ದಳು.

ಪಾದಗಳು ಅವಳ ಮುಂದೆ ಬಂದವು. ನಿಲ್ಲಲಿಲ್ಲ.

ಅವಳು ಸೌಟು ಎತ್ತಿದ್ದಳು. ಸೌಟು ಗಾಳಿಯಲ್ಲೇ ಉಳಿಯಿತು. ಮುಂದಿನವರೂ ನಿಲ್ಲಲಿಲ್ಲ, ಹಿಂದಿನವರೂ ನಿಲ್ಲಲಿಲ್ಲ. ಒಂದು ಪಾತ್ರೆಯ ಮುಚ್ಚಳವೂ ಸರಿಯಲಿಲ್ಲ. ಪಕ್ಕದ ಮನೆಯ ದೋ ಛೋ ಮುಂದೆ ಮಾತ್ರ ಇಡೀ ಸಾಲು ನಿಂತಿತು, ಮುಚ್ಚಳಗಳು ಒಂದೊಂದಾಗಿ ತೆರೆದುಕೊಂಡವು. ಮೀನಿನ ಸಾರಿನ ಶಾವಿಗೆ ಮಾರಿ ಬದುಕುವ ಆ ಹೆಂಗಸಿನ ಅನ್ನ ಬೇಕಾಯಿತು, ತನ್ನದು ಬೇಡವಾಯಿತು.

ಪ್ವಾಯಿನ್‌ಗೆ ಕಾರಣ ಗೊತ್ತಿರಲಿಲ್ಲ ಎಂದೇನಲ್ಲ. ಗೊತ್ತಿದ್ದೂ ತನಗೆ ತಟ್ಟಲಾರದು ಅಂದುಕೊಂಡಿದ್ದಳು.

ಆ ಮಳೆಗಾಲದಲ್ಲಿ ಸರ್ಕಾರ ಯಾರಿಗೂ ಒಂದು ಮಾತು ಹೇಳದೆ ಡೀಸೆಲ್ ಬೆಲೆ ಏರಿಸಿತ್ತು. ಸರ್ಕಾರ ಅಂದರೆ ಯಾರು? ಬಂದೂಕು ಇದ್ದವರು. ರಾಜಧಾನಿಯನ್ನೇ ಗಂಟುಮೂಟೆ ಕಟ್ಟಿ ಕುರುಚಲು ಕಾಡಿಗೆ ಸಾಗಿಸಿ, ಅಲ್ಲಿ ಎಂಟು ಸಾಲಿನ ರಸ್ತೆ ಹಾಕಿಕೊಂಡು ಕೂತವರು. ಅವರಿಗೆ ಬಸ್ ಹತ್ತುವ ಕಷ್ಟವಿಲ್ಲ. ಕೂಲಿಗೆ ಹೋಗುವವರು ದಿನದ ಅರ್ಧ ದುಡಿಮೆಯನ್ನು ಬಸ್ಸಿಗೆ ಸುರಿದರು. ಎಣ್ಣೆ ಏರಿತು, ಅಕ್ಕಿ ಏರಿತು, ಮೊಟ್ಟೆ ಕಣ್ಣಿಗೆ ಕಾಣದಾಯಿತು. ಜನರ ಹೊಟ್ಟೆಯ ಸ್ಥಿತಿ ಅರಮನೆಗೆ ತಿಳಿಯದಿರಬಹುದು, ಭಿಕ್ಷಾಪಾತ್ರೆಗೆ ಮಾತ್ರ ತಕ್ಷಣ ತಿಳಿಯುತ್ತದೆ. ನಿನ್ನೆ ಎರಡು ಸೌಟು ಹಾಕಿದವಳು ಇಂದು ಒಂದು ಹಾಕುತ್ತಾಳೆ, ನಾಳೆ ಅರ್ಧ ಹಾಕಿ ತಲೆ ಎತ್ತದೆ ಒಳಗೆ ಹೋಗುತ್ತಾಳೆ. ಅದನ್ನು ಕಂಡೇ ಭಿಕ್ಷುಗಳು ಬೀದಿಗಿಳಿದದ್ದು. ಅವರ ಕೈಯಲ್ಲಿ ಕಲ್ಲಿರಲಿಲ್ಲ, ಬಾಯಲ್ಲಿ ಬೈಗುಳವಿರಲಿಲ್ಲ. ಎಲ್ಲ ಜೀವಿಗಳೂ ಸುಖವಾಗಿರಲಿ ಎಂದು ಪಠಿಸುತ್ತ ಮಳೆಯಲ್ಲಿ ನಡೆದರು. ಹೀಗೆ ಹಾರೈಸುತ್ತ ನಡೆದವರ ಮೇಲೆ ನದಿಯ ಮೇಲ್ದಂಡೆಯ ಒಂದು ಊರಿನಲ್ಲಿ ಸಿಪಾಯಿಗಳು ಬೆತ್ತ ಬೀಸಿದರು. ಕ್ಷಮೆ ಕೇಳಿ ಎಂದು ಸಂಘ ಕೇಳಿತು. ಬೂಟು ಹಾಕಿಕೊಂಡವರಿಗೆ ಬಗ್ಗುವುದು ಗೊತ್ತಿಲ್ಲ. ಆಗ ದೇಶದ ಎಲ್ಲ ವಿಹಾರಗಳಲ್ಲೂ ಪಾತ್ರೆ ಮಗುಚಿತು. ಸೇನೆಯವರ ಅನ್ನ, ಸೇನೆಯವರ ಮನೆಯ ಅನ್ನ ನಮಗೆ ಬೇಡ. ಇಷ್ಟೇ ಮಾತು. ಇಷ್ಟೇ ಮಾತು ಈ ನೆಲದಲ್ಲಿ ಗುಂಡಿಗಿಂತ ಆಳಕ್ಕೆ ಇಳಿಯುತ್ತದೆ. ಕೊಟ್ಟು ಪುಣ್ಯ ಕಟ್ಟಿಕೊಳ್ಳುವ ದಾರಿಯೇ ಮುಚ್ಚಿತು ಅಂದರೆ ಮನುಷ್ಯ ಬದುಕುವುದು ಯಾಕೆ, ಸಾಯುವುದು ಹೇಗೆ?

ದೋ ಪ್ವಾಯಿನ್ ಇದ್ದದ್ದು ಮಗಳು ಓನ್ಮಾಳ ಮನೆಯಲ್ಲಿ. ಓನ್ಮಾಳ ಗಂಡ ನ್ಯೋಮಾಂಗ್ ಊರಾಚೆಯ ದಂಡಿನಲ್ಲಿ ಹವಾಲ್ದಾರ.

ಆ ಬೆಳಗ್ಗೆ ಅವನು ಸಮವಸ್ತ್ರದ ಗುಂಡಿ ಹಾಕಿಕೊಳ್ಳುತ್ತ, ತುಂಬಿದ ಬೋಗುಣಿ ಹಾಗೇ ಒಳಗೆ ಬಂದದ್ದನ್ನು ನೋಡಿದ.

"ತಗೊಳ್ಳಲಿಲ್ವಾ? ಹೋಗ್ಲಿ ಬಿಡಿ ಅತ್ತೆ. ನನ್ನ ಡಬ್ಬಿಗೆ ಹಾಕಿ."

"ಸುಮ್ನಿರ್ರೀ," ಅಂದಳು ಓನ್ಮಾ. "ಅಮ್ಮನ ಮುಖ ನೋಡಿ."

"ನೋಡಿದೀನಿ. ನಮ್ಮ ದಂಡಿನವರ ಎಲ್ರ ಮನೇಲೂ ಇದೇ ಮುಖ." ಅವನು ದನಿ ತಗ್ಗಿಸಿದ. "ಸುಬೇದಾರನ ತಾಯಿ ತೀರ್ಕೊಂಡು ನಾಕು ದಿನ ಆಯ್ತು. ಒಬ್ಬ ಸ್ವಾಮಿಯೂ ಬರ್ಲಿಲ್ಲ ಮಂತ್ರ ಹೇಳಕ್ಕೆ. ಅವನೇ ನಿಂತ್ಕೊಂಡು ಗೊತ್ತಿದ್ದಷ್ಟು ಹೇಳ್ದ. ಅರ್ಧಕ್ಕೆ ಮರ್ತುಹೋಯ್ತು. ಹೆಣದ ಮುಂದೆ ಅಳ್ತಾ ನಿಂತ್ಬಿಟ್ಟ." ಮತ್ತೆ ಮುಖ ಗಟ್ಟಿ ಮಾಡಿಕೊಂಡು, "ಇದನ್ನ ಎಲ್ಲೂ ಆಡ್ಬೇಡಿ," ಎಂದು ಬೂಟು ಮೆಟ್ಟಿ ಹೊರಟ.

ಪ್ವಾಯಿನ್ ಚುಟ್ಟದ ಮೊರದ ಮುಂದೆ ಕೂತಳು. ಎಲೆ ನೀವುವುದು, ಹೊಗೆಸೊಪ್ಪು ತುಂಬುವುದು, ಸುತ್ತುವುದು. ಮೂವತ್ತು ವರ್ಷದ ಕೆಲಸ, ಬೆರಳಿಗೆ ಕಣ್ಣು ಬೇಡ. ಕಣ್ಣು ಬೀದಿಯಲ್ಲೇ ಇತ್ತು. ಮಗನಿಗೆ ಮನೆಯಲ್ಲಿ ಇಟ್ಟ ಹೆಸರು ತಾಟೂ. ಕಾವಿ ಉಟ್ಟ ಮೇಲೆ ಊ ಖೇಮಿಂದ. ಅಂದಿನಿಂದ ಹೆತ್ತವಳೇ ಅವನಿಗೆ ಮಂಡಿಯೂರಿ ನಮಸ್ಕರಿಸಬೇಕು, ಸ್ವಾಮಿ ಅನ್ನಬೇಕು. ಅವನು ಅವಳನ್ನು ಅಮ್ಮ ಅನ್ನುವಂತಿಲ್ಲ, ದಾನಿಯಮ್ಮ ಅನ್ನಬೇಕು. ಅದರ ಬಗ್ಗೆ ಅವಳಿಗೆ ಹೆಮ್ಮೆಯೇ ಇತ್ತು. ಭಿಕ್ಷುವಿನ ತಾಯಿ ಎಂದು ಊರು ದಾರಿ ಬಿಡುತ್ತಿತ್ತು. ಆದರೆ ಹೆಮ್ಮೆಯಿಂದ ಹಸಿವು ತೀರುವುದಿಲ್ಲ. ದಿನಕ್ಕೊಮ್ಮೆ, ಒಂದು ಸೌಟು ಅನ್ನ ಪಾತ್ರೆಗೆ ಬೀಳುವಷ್ಟು ಹೊತ್ತು, ಅವಳು ತಾಯಿಯಾಗುತ್ತಿದ್ದಳು. ಪಾತ್ರೆ ತೂಗುಹಾಕುವ ಪಟ್ಟಿ ಅವಳೇ ಹೆಣೆದು ಕೊಟ್ಟದ್ದು. ದಾಳಿಂಬೆ ಬಣ್ಣದ ನೂಲು ಸಾಲದೆ ಕೊನೆಯ ಗಂಟಿಗೆ ಹಸಿರು ನೂಲು ಹಾಕಿದ್ದಳು. ಕೊನೆಯ ಗಂಟು ಹಸಿರು ಇದ್ದರೂ ಅವನು ಅದನ್ನು ಬದಲಾಯಿಸಿರಲಿಲ್ಲ. ಅದನ್ನೂ ಅವಳು ದಿನಾ ನೋಡುತ್ತಿದ್ದಳು.

ಮುಚ್ಚಳ ಮುಚ್ಚಿದ್ದರಿಂದ ಅವಳು ಕಳೆದುಕೊಂಡದ್ದು ಪುಣ್ಯವೊಂದನ್ನೇ ಅಲ್ಲ.

ಎರಡು ಬೆಳಗ್ಗೆ ಹೀಗೇ ಕಳೆಯಿತು. ಮೂರನೆಯ ದಿನ ಅವಳಿಗೆ ಒಂದು ಉಪಾಯ ಹೊಳೆಯಿತು. ಹೊಳೆಯದಿದ್ದರೇ ಚೆನ್ನಾಗಿತ್ತು.

"ನನ್ನ ಅನ್ನ, ನಿನ್ನ ಕೈ," ಅಂದಳು ದೋ ಛೋಗೆ. "ನಾನು ಮಾಡಿ ತರ್ತೀನಿ. ನಿನ್ನ ಮನೆ ಮುಂದೆ ನಿಂತು ನೀನು ಹಾಕು. ಅಷ್ಟೇ."

ದೋ ಛೋ ಸಾರಿನ ಹಂಡೆಗೆ ಬಾಳೆದಿಂಡು ಹೆಚ್ಚಿ ಹಾಕುತ್ತಿದ್ದಳು. ನಾಲಿಗೆ ಅವಳ ಕತ್ತಿಗಿಂತ ಹರಿತ.

"ಪುಣ್ಯ ಯಾರಿಗೆ ಹೋಗತ್ತೆ?"

"ಇಬ್ರಿಗೂ."

"ಓಹೋ! ಮುಂದಿನ ಜನ್ಮದಲ್ಲಿ ನೀನು ರಾಣಿಯಾಗಿ ಹುಟ್ಟು, ನಾನು ನಿನ್ನ ಅಡುಗೆಮನೆ ಸೌಟಾಗಿ ಹುಟ್ತೀನಿ. ಬೇಕಾ ನನಗೆ?"

"ಛೋ, ತಮಾಷೆ ಬೇಡ ಕಣೇ. ಅವನು ಸಣ್ಣಗಾಗಿದಾನೆ."

"ಮುಖ ನೋಡಿದ್ಯಾ?"

"ಕಾಲು ನೋಡ್ದೆ. ಕಾಲು ಸಣ್ಣಗಾಗಿದೆ."

ದೋ ಛೋ ಕತ್ತಿ ಕೆಳಗಿಟ್ಟಳು. "ಏನು ಮಾಡ್ತೀಯ?" ಅಂದಳು.

"ಪುಂಡಿ ಪಲ್ಯ."

ಪುಂಡಿ ಸೊಪ್ಪನ್ನು ಎಲ್ಲರೂ ಮಾಡುತ್ತಾರೆ. ಪ್ವಾಯಿನ್ ಅದಕ್ಕೆ ಎಳೆ ಬಿದಿರು ಹೆಚ್ಚಿ ಹಾಕಿ, ಒಣಸಿಗಡಿಯನ್ನು ಕುಟ್ಟದೆ ಇಡಿಯಾಗಿ ಹುರಿದು, ಬೆಳ್ಳುಳ್ಳಿಯನ್ನು ಎಳ್ಳೆಣ್ಣೆಯಲ್ಲಿ ಕಪ್ಪಾಗುವ ಅಂಚಿನವರೆಗೆ ಬಾಡಿಸುತ್ತಿದ್ದಳು. ಇನ್ನೊಂದು ಗಳಿಗೆ ಬಿಟ್ಟರೆ ಕಹಿ, ಒಂದು ಗಳಿಗೆ ಮುಂಚೆ ತೆಗೆದರೆ ಸಪ್ಪೆ. ತಾಟೂ ಹುಡುಗನಾಗಿದ್ದಾಗ ಇದಕ್ಕಾಗಿ ಬಾಣಲೆಯನ್ನು ಅನ್ನದಿಂದ ಒರೆಸಿ ತಿನ್ನುತ್ತಿದ್ದ.

ಮಾರನೆಯ ಬೆಳಗ್ಗೆ ಅವಳು ದೋ ಛೋ ಮನೆಯ ಬಿದಿರ ತಟ್ಟಿಯ ಹಿಂದೆ ಕೂತು ಸಂದಿಯಿಂದ ನೋಡಿದಳು. ಕಪ್ಪು ಉಗುರಿನ ಪಾದ ಬಂತು. ನಿಂತಿತು. ಮುಚ್ಚಳ ತೆರೆಯಿತು. ದೋ ಛೋ ಅನ್ನ ಹಾಕಿ, ಮೇಲೆ ಪಲ್ಯವನ್ನೂ ಹಾಕಿದಳು. ಮುಚ್ಚಳ ಮುಚ್ಚಿತು, ಪಾದ ನಡೆಯಿತು. ಪ್ವಾಯಿನ್ ತಟ್ಟಿಯ ಹಿಂದೆಯೇ ಮಂಡಿಯೂರಿ ನೆಲಕ್ಕೆ ಹಣೆ ಹಚ್ಚಿದಳು. ಅವತ್ತು ಇಡೀ ದಿನ ಅವಳ ಕೈ ಚುಟ್ಟಗಳನ್ನು ಸರಾಗ ಸುತ್ತಿತು. ಮಗಳು ಕೇಳಿದ್ದಕ್ಕೆಲ್ಲ ನಕ್ಕು ಉತ್ತರ ಕೊಟ್ಟಳು.

ಅದರ ಮಾರನೆಯ ದಿನ ಪ್ವಾಯಿನ್ ಏನೂ ಮಾಡಿ ಕೊಟ್ಟಿರಲಿಲ್ಲ. ಭಿಕ್ಷುಗಳ ಸಾಲು ಹೋದ ಕೂಡಲೇ ದೋ ಛೋ ಅಂಗಳಕ್ಕೆ ಹಾರಿಬಂದಳು. ಸೊಂಟದ ಮೇಲೆ ಕೈ, ಕಣ್ಣಲ್ಲಿ ಬೆಂಕಿ.

"ನೋಡಿದ್ಯಾ? ನೋಡಿದ್ಯಾ ನಿನ್ನ ಮಗ ಮಾಡಿದ್ದನ್ನ? ಎಲ್ರೂ ನಿಂತ್ರು, ಎಲ್ರೂ ತಗೊಂಡ್ರು. ಅವನೊಬ್ಬ ಮುಚ್ಚಳದ ಮೇಲೆ ಕೈಯಿಟ್ಕೊಂಡು ನನ್ನ ಮುಂದೆ ನಡ್ಕೊಂಡು ಹೋದ! ನಮ್ಮ ಅಜ್ಜಿ ಕಾಲದಿಂದ ಈ ಬಾಗಿಲಲ್ಲಿ ಯಾವ ಪಾತ್ರೆಯೂ ಮುಚ್ಚಿದ್ದಿಲ್ಲ. ಇವತ್ತು ನಾನು ಹಾಕಿದ್ದು ನಂದೇ ಅನ್ನ ಕಣೇ, ನಂದೇ!"

"ನಿಂದೇ ಅಲ್ವಾ, ಮತ್ಯಾಕೆ..."

"ಯಾಕೆ ಅಂತ ನನ್ನ ಕೇಳ್ತೀಯಾ? ನಿನ್ನ ಆ ಸುಡುಗಾಡು ಬೆಳ್ಳುಳ್ಳಿ ಹೇಳಿಬಿಟ್ಟಿದೆ!"

ಪ್ವಾಯಿನ್ ಬಾಗಿಲ ಚೌಕಟ್ಟು ಹಿಡಿದು ಕೂತಳು. ಹತ್ತಾರು ಮನೆಯ ಅನ್ನ, ಹತ್ತಾರು ಮನೆಯ ಪಲ್ಯ ಒಂದೇ ಪಾತ್ರೆಯಲ್ಲಿ ಕಲಸಿಹೋಗಿರುತ್ತದೆ. ಅದರೊಳಗಿಂದ ಅವನ ನಾಲಿಗೆ ಅವಳ ಕೈಯನ್ನು ಹೆಕ್ಕಿ ತೆಗೆದಿತ್ತು. ಮೊದಲು ಅವಳಿಗೆ ಆದದ್ದು ಸಂತೋಷ. ಸುಳ್ಳು ಯಾಕೆ ಹೇಳಬೇಕು, ಸಂತೋಷವೇ. ಮರೆತಿಲ್ಲ, ಅವನು ಮರೆತಿಲ್ಲ. ಆಮೇಲೆ ನಿಧಾನವಾಗಿ, ಮುಳ್ಳು ಒಳಗೆ ಹೋಗುವ ಹಾಗೆ, ಇನ್ನೊಂದು ಹೊಳೆಯಿತು. ಅವನು ಎಲ್ಲರ ಜೊತೆ ಕೂತು ಮಾಡಿದ ಸಂಕಲ್ಪವನ್ನು ಹೆತ್ತ ತಾಯಿಯೇ ಕಳ್ಳದಾರಿಯಲ್ಲಿ ಹೋಗಿ ಮುರಿಸಿದ್ದಳು.

ಮಧ್ಯಾಹ್ನ ಅವಳು ವಿಹಾರಕ್ಕೆ ನಡೆದಳು. ಹುಣಸೆಮರದ ಕೆಳಗಿನ ಜಗಲಿಯಲ್ಲಿ ಭಿಕ್ಷುಗಳು ಕಾವಿ ಚೀವರ ಒಗೆದು ಹರವಿದ್ದರು. ಊ ಖೇಮಿಂದ ಬಂದು ಎದುರಿಗೆ ಕೂತ. ಹಿರಿಯ ಗುರುಗಳು ಅತ್ತ ಕಂಬಕ್ಕೆ ಒರಗಿ ಜಪಮಾಲೆ ಎಣಿಸುತ್ತಿದ್ದರು. ಅವಳು ಮೂರು ಸಲ ನಮಸ್ಕರಿಸಿದಳು.

"ಸ್ವಾಮಿ, ನಿನ್ನೆಯ ಅನ್ನ ನಂದು. ಪಾಪ ನಂಗೆ ಬರಲಿ. ನಿಮಗೆ ಗೊತ್ತಿರಲಿಲ್ಲ."



"ಮೊದಲ ತುತ್ತಿಗೇ ಗೊತ್ತಾಯ್ತು, ದಾನಿಯಮ್ಮ," ಅಂದ. "ಎತ್ತಿ ಪಕ್ಕಕ್ಕೆ ಇಡಬಹುದಿತ್ತು. ಇಡಲಿಲ್ಲ. ಕೊನೆ ತುತ್ತಿನವರೆಗೂ ತಿಂದೆ. ಪಾತ್ರೆ ಒರೆಸಿ ತಿಂದೆ. ಅದು ನಂದೇ ತಪ್ಪು. ಗುರುಗಳ ಹತ್ರ ಒಪ್ಪಿಕೊಂಡಿದೀನಿ."

ಅವಳು ಅಂದು ಮೊದಲ ಸಲ ತಲೆ ಎತ್ತಿ ಅವನ ಮುಖ ನೋಡಿದಳು. ಅವನು ನೆಲ ನೋಡುತ್ತಿದ್ದ. ಬೋಳಿಸಿದ ತಲೆಯ ಮೇಲೆ ಸಣ್ಣಗೆ ಕೂದಲು ಚಿಗುರಿತ್ತು. ಕೈಯಾಡಿಸುವಂತಿಲ್ಲ. ಹೆಂಗಸಿನ ಕೈ ತಾಕುವಂತಿಲ್ಲ, ಹೆತ್ತ ಕೈಯಾದರೂ.

"ಅಕ್ಕಿ ನಾನು ಚುಟ್ಟ ಸುತ್ತಿದ ದುಡ್ಡಿಂದೇ ತಂದಿದ್ದು, ಸ್ವಾಮಿ. ದಂಡಿನ ಅಕ್ಕಿ ಅಲ್ಲ."

"ಅಕ್ಕಿ ಮೇಲೆ ನಮಗೇನೂ ಸಿಟ್ಟಿಲ್ಲ. ಆ ಮನೆಯಿಂದ ಬೆಳಗ್ಗೆ ಬೆತ್ತ ಹಿಡಿದು ಹೊರಡ್ತಾರೆ. ಅದೇ ಬಾಗಿಲಲ್ಲಿ ನಾವು ಅನ್ನ ತಗೊಂಡ್ರೆ, ಆ ಬೆತ್ತಕ್ಕೂ ಪುಣ್ಯದ ಪಾಲು ಕೊಟ್ಟ ಹಾಗಾಗತ್ತೆ."

"ಹಾಗಾದ್ರೆ ನಾನು ಆ ಮನೆ ಬಿಡ್ಲಾ?"

"ತಾಯಿಯನ್ನ ಮಗಳಿಂದ ಬಿಡಿಸೋ ಮಾತು ನನ್ನ ಬಾಯಲ್ಲಿ ಬರಬಾರದು."

"ನೀವು ಹೇಳಬೇಡಿ. ನಾನೇ ಬಂದು ಛೋ ಮನೆ ಮುಂದೆ, ನಂದೇ ಒಲೆಯ ಅನ್ನ ಹಿಡ್ಕೊಂಡು, ನಾನೇ ನಿಂತ್ರೆ?"

ಕಂಬದ ಹತ್ತಿರ ಜಪಮಾಲೆಯ ಸದ್ದು ನಿಂತಿತು. ಹಿರಿಯ ಗುರುಗಳು ಕಣ್ಣು ತೆರೆಯಲಿಲ್ಲ.

"ನಿಂತರೆ," ಅಂದ ಊ ಖೇಮಿಂದ, "ನಾನೂ ನಿಲ್ತೀನಿ."

ಸಂಜೆ ಅವಳು ಒಂದು ಚಾಪೆ, ಎರಡು ಲುಂಗಿ, ಚುಟ್ಟದ ಮೊರ, ಕಪ್ಪು ಬಾಣಲೆ ಕಟ್ಟಿಕೊಂಡಳು. ಓನ್ಮಾ ಬಾಗಿಲಿಗೆ ಅಡ್ಡ ನಿಂತಳು.

"ಒಂದು ಸೌಟು ಅನ್ನಕ್ಕೋಸ್ಕರ ಮನೆ ಬಿಡ್ತೀಯಾ?"

"ಹೂಂ."

"ಅವನೊಬ್ಬನೇ ನಿನ್ನ ಹೊಟ್ಟೇಲಿ ಹುಟ್ಟಿದ್ದಾ? ನಾನು ಜಾತ್ರೇಲಿ ಸಿಕ್ಕಿದ್ನಾ? ನನಗೆ ಜ್ವರ ಬಂದಾಗ, ನಿನಗೆ ಸೊಂಟ ಹಿಡಿದಾಗ ಅವನು ಬಂದಿದ್ನಾ? ಎಲ್ಲ ಬಿಟ್ಟು ಹೋದೋನು ದೇವರು. ಜೊತೆಗಿದ್ದು ನಿನ್ನ ಕಾಲು ಒತ್ತಿದ ನಾನು ಯಾರು ಹಾಗಾದ್ರೆ?"

ಸೇನೆಯ ಜನರಲ್‌ಗಳಿಗೆ ಇದು ಗೊತ್ತಾಗುವುದಿಲ್ಲ. ಅವರು ಒಡೆದದ್ದು ಬೀದಿಯಲ್ಲಿ ಭಿಕ್ಷುಗಳ ತಲೆಯನ್ನು, ಬಿರುಕು ಬಿಟ್ಟದ್ದು ಇಂಥ ಮನೆಗಳ ಒಲೆ. ಮಗಳ ಕೆನ್ನೆಯ ಮೇಲಿನ ತನಖಾ ಮರದ ತೊಗಟೆಯ ಗಂಧ ಕಣ್ಣೀರಿಗೆ ಕದಡಿದ್ದನ್ನು ಪ್ವಾಯಿನ್ ಹೆಬ್ಬೆರಳಲ್ಲಿ ಸರಿಮಾಡಿದಳು. "ಪಕ್ಕದ ಮನೇಗೆ ಹೋಗ್ತಿದೀನಿ ಕಣೇ. ಕೂಗಿದ್ರೆ ಕೇಳತ್ತೆ," ಅಂದಳು.

ನ್ಯೋಮಾಂಗ್ ಬಾಣಲೆಯನ್ನು ಎತ್ತಿಕೊಂಡು ಬೇಲಿಯವರೆಗೆ ಬಂದ. ಅಲ್ಲಿ ನಿಂತು, ಯಾರೂ ಇಲ್ಲದ್ದನ್ನು ನೋಡಿ, "ಅತ್ತೆ," ಅಂದ. "ನಾಳೆ ಸ್ವಾಮಿಗಳು ಸೇತುವೆವರೆಗೆ ನಡೀತಾರಂತೆ. ನಮಗೆ ಹುಕುಂ ಬಂದಿದೆ. ಅವನಿಗೆ ಹೇಳಿ, ಮುಂದಿನ ಸಾಲಲ್ಲಿ ನಿಲ್ಲೋದು ಬೇಡ."

"ನೀನೂ ಚಿಕ್ಕಂದಿನಲ್ಲಿ ಕಾವಿ ಉಟ್ಟು ಪಾತ್ರೆ ಹಿಡಿದೋನೇ ಅಲ್ವೇನಪ್ಪಾ?"

"ಒಂದು ಬೇಸಿಗೆ ಹಿಡಿದಿದ್ದೆ." ಅವನು ಬಾಣಲೆಯನ್ನು ಅವಳ ಕೈಗೆ ಕೊಟ್ಟ. "ನಿಮ್ಮ ಬೀದೀಲೇ. ನೀವೂ ಹಾಕಿದ್ರಿ. ನೆನಪಿರಲ್ಲ ನಿಮಗೆ."

ಅವಳಿಗೆ ನಿಜವಾಗಿಯೂ ನೆನಪಿರಲಿಲ್ಲ. ವಿಹಾರದ ಕಡೆಗೆ ಹೋಗಿ ನೋಡಿದಳು, ದಾರಿಗೆ ಮುಳ್ಳುತಂತಿ ಎಳೆದಿದ್ದರು. ಬೆಳಗ್ಗೆ ಅನ್ನ ಹಾಕುವಾಗಲೇ ಪಿಸುಗುಟ್ಟಿ ಹೇಳಿಬಿಡಬೇಕು ಅಂದುಕೊಂಡು ಮರಳಿದಳು.

ಬೆಳಗಿನ ಜಾವವೇ ಎದ್ದು ದೋ ಛೋ ಹಿತ್ತಿಲಲ್ಲಿ ಮೂರು ಕಲ್ಲು ಹೂಡಿ ಒಲೆ ಹಚ್ಚಿದಳು. ಅನ್ನ ಆಯಿತು, ಪುಂಡಿ ಪಲ್ಯ ಆಯಿತು. ಬರಿಗಾಲಲ್ಲಿ ಹೋಗಿ ಬೀದಿಯಲ್ಲಿ ನಿಂತಳು. ಪಕ್ಕದಲ್ಲಿ ದೋ ಛೋ, ಆಚೆ ದರ್ಜಿಯ ಹೆಂಡತಿ, ಅದರಾಚೆ ಕುಂಬಾರಗಿತ್ತಿ. ಜಾಗಟೆ ಕೇಳಲಿಲ್ಲ. ಅನ್ನದ ಹಬೆ ನಿಂತಿತು. ಮೋಡದ ಹಿಂದೆ ಬಿಸಿಲು ಬಂತು. ಬೀದಿಗೆ ಬೀದಿಯೇ ಅನ್ನ ಹಿಡಿದು ನಿಂತಿತ್ತು, ತಗೊಳ್ಳುವವರು ಯಾರೂ ಬರಲಿಲ್ಲ. ಕೊನೆಗೆ ಸಂತೆಯ ಕಡೆಯಿಂದ ಬಂದ ಸೈಕಲ್ ರಿಕ್ಷಾದವನು ಇಳಿದು, ಯಾರನ್ನೂ ನೋಡದೆ ಹೇಳಿದ. ಬೆಳಕು ಹರಿಯುವ ಮುಂಚೆಯೇ ಲಾರಿಗಳು ಬಂದಿದ್ದವಂತೆ. ವಿಹಾರದಲ್ಲಿ ಈಗ ಯಾರೂ ಇಲ್ಲವಂತೆ. ಜಗಲಿ ತುಂಬ ಚಪ್ಪಲಿ ಬಿದ್ದಿವೆಯಂತೆ.

ಯಾವ ಹೆಂಗಸೂ ಒಳಗೆ ಹೋಗಲಿಲ್ಲ. ಅವರ ಬೋಗುಣಿಗಳಲ್ಲಿ ಅನ್ನ ತಣ್ಣಗಾಗುತ್ತ ಹೋಯಿತು. ಸೇನೆಯವರ ಅನ್ನ ಬೇಡ ಅಂದವರಿದ್ದರು. ಈಗ ಯಾರ ಅನ್ನವನ್ನೂ ಬೇಕು ಅನ್ನುವವರಿಲ್ಲದ ಹಾಗೆ ಸೇನೆಯೇ ಮಾಡಿತು. ಇದನ್ನೇ ರೇಡಿಯೋ ಅಂದು ಮಧ್ಯಾಹ್ನ ಶಾಂತಿ ಎಂದು ಕರೆಯಿತು.

ಮಳೆಗಾಲ ಮುಗಿಯಿತು. ದೀಪದ ಹುಣ್ಣಿಮೆಗೆ ಜನ ದೀಪ ಹಚ್ಚಿದರು, ಅರ್ಧ ಮನಸ್ಸಿನಿಂದ. ಓನ್ಮಾ ಒಮ್ಮೆ ಬೇಲಿಯಾಚೆ ನಿಂತು, "ಅವರು ಸರಿಯಾಗಿ ಊಟ ಮಾಡ್ತಿಲ್ಲಮ್ಮ. ಆ ಬೆಳಗ್ಗೆ ಏನಾಯ್ತು ಅಂತ ಕೇಳಿದ್ರೆ ಬೂಟು ತಿಕ್ತಾ ಕೂತ್ಕೋತಾರೆ," ಅಂದಳು. ಪ್ವಾಯಿನ್ ಬೇಲಿಯ ಮೇಲಿಂದ ಒಂದು ಬಟ್ಟಲು ಪಲ್ಯ ಕೊಟ್ಟಳು. ಏನೂ ಕೇಳಲಿಲ್ಲ. ಕೇಳಿದರೆ ಉತ್ತರ ಸಿಕ್ಕೀತು ಎಂಬ ಭಯ.

ಅವಳು ಬೆಳಗ್ಗೆ ನಿಲ್ಲುವುದನ್ನು ಮಾತ್ರ ಬಿಡಲಿಲ್ಲ. "ಗೂಟದ ಹಾಗೆ ನಿಂತ್ರೆ ಎಮ್ಮೆ ತಂದು ಕಟ್ತಾರೆ ನೋಡ್ತಿರು," ಎಂದು ದೋ ಛೋ ಗದರುತ್ತಿದ್ದಳು. ಗದರುತ್ತಲೇ ಪಕ್ಕದಲ್ಲಿ ತಾನೂ ನಿಲ್ಲುತ್ತಿದ್ದಳು.

ಚಳಿ ಬಿದ್ದ ಮೇಲೆ ಒಂದು ಬೆಳಗ್ಗೆ, ಮಂಜಿನೊಳಗಿಂದ ಒಂದೇ ಒಂದು ಜೋಡಿ ಪಾದ ಬಂತು. ಒಂದು ಕಾಲು ಎಳೆಯುತ್ತಿತ್ತು. ಪ್ವಾಯಿನ್‌ಳ ಕಣ್ಣು ಮೊದಲು ಎಡ ಹೆಬ್ಬೆರಳಿಗೆ ಹೋಯಿತು. ಉಗುರು ಬೆಳ್ಳಗಿತ್ತು. ಮುದಿ ಪಾದ, ಹಿಮ್ಮಡಿ ಒಡೆದಿತ್ತು. ಆ ಪಾದಗಳು ಬಂದು ಅವಳ ಮುಂದೆಯೇ ನಿಂತವು. ಮುಚ್ಚಳ ತೆರೆಯಿತು. ಸೌಟು ಎತ್ತಿದಾಗ ಪಾತ್ರೆಯ ಪಟ್ಟಿ ಕಂಡಿತು. ದಾಳಿಂಬೆ ಬಣ್ಣ. ಕೊನೆಯ ಗಂಟು ಹಸಿರು.

ಅನ್ನ ಪಾತ್ರೆಯ ಅಂಚಿಗೆ ಚೆಲ್ಲಿತು. ರೂಢಿ ಮುರಿದು ತಲೆ ಎತ್ತಿದಳು. ಹಿರಿಯ ಗುರುಗಳು. ಕೆನ್ನೆ ಒಳಗೆ ಹೋಗಿತ್ತು.

ಭಿಕ್ಷೆಯ ವೇಳೆ ಮಾತಾಡದ ಅವರೂ ರೂಢಿ ಮುರಿದರು. "ಪಾತ್ರೆ ತೊಳೆದು ಬೋರಲು ಹಾಕಿ ಇಟ್ಟಿದ್ದ. ಅವರು ಎಲ್ಲ ಒಡೆದ್ರು, ಇದೊಂದು ಉಳ್ಕೊಂಡಿತ್ತು. ಅವನು ಗೋಡೆ ಹಾರಿದ್ದನ್ನ ನೋಡಿದೀನಿ ಅಂತಾರೆ ಒಬ್ರು. ಲಾರಿ ಹತ್ತಿಸಿದ್ದನ್ನ ನೋಡಿದೀನಿ ಅಂತಾರೆ ಇನ್ನೊಬ್ರು. ನನಗೆ ಗೊತ್ತಿಲ್ಲ, ದಾನಿಯಮ್ಮ. ಛೋ ಮನೆ ಮುಂದೆ ನೀವು ನಿಂತರೆ ನಿಲ್ತೀನಿ ಅಂದಿದ್ದನಲ್ಲ. ಆ ಮಾತು ನಾನೂ ಕೇಳಿಸಿಕೊಂಡಿದ್ದೆ."

ಅವರು ಪಾತ್ರೆಯನ್ನು ಇನ್ನೂ ಸ್ವಲ್ಪ ತಗ್ಗಿಸಿ ಹಿಡಿದರು. ಅವಳು ಅನ್ನ ಹಾಕಿದಳು. ಮೇಲೆ ಪುಂಡಿ ಪಲ್ಯ ಹಾಕಿದಳು. ಬಾಣಲೆಯಲ್ಲಿ ಉಳಿದ ಎಣ್ಣೆ, ಬೆಳ್ಳುಳ್ಳಿಯನ್ನೂ ಕೆರೆದು ಹಾಕಿದಳು. ಮುಚ್ಚಳ ಮುಚ್ಚಿತು. ಎಳೆಯುವ ಕಾಲು ಮಂಜಿನೊಳಗೆ ಹೋಗುವವರೆಗೂ ಹಸಿರು ಗಂಟನ್ನು ನೋಡುತ್ತ ನಿಂತಳು.

ಆಮೇಲೆ ಖಾಲಿ ಬೋಗುಣಿ ಸೊಂಟಕ್ಕೆ ಇಟ್ಟುಕೊಂಡು, "ಛೋ, ಸಂತೇಗೆ ಹೋದಾಗ ಎರಡು ಕಟ್ಟು ಪುಂಡಿ ತಂದುಬಿಡೇ," ಅಂದಳು.

"ಎರಡ್ಯಾಕೆ? ಒಬ್ಬ ಮುದುಕ ಸ್ವಾಮಿಗೆ?"

"ದೂರದಿಂದ ನಡ್ಕೊಂಡು ಬರೋನಿಗೆ ಹಸಿವು ಜಾಸ್ತಿ ಇರತ್ತೆ," ಎಂದು ಪ್ವಾಯಿನ್ ಒಲೆಯ ಬೂದಿ ತೆಗೆಯಲು ಹಿತ್ತಿಲಿಗೆ ಹೋದಳು.